ಅನೌನ್ಸೋ, ಡಿಕ್ಲೇರೋ? ಮಳೆ ರಜೆಯಿಂದ ಎದ್ದ ಪ್ರಶ್ನೆ

ಪ್ರಶ್ನೆ: ಮೇಷ್ಟ್ರೇ, ನಾನು ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಊರು ಹೊಸನಗರದ ಹತ್ತಿರ. ಜುಲೈ ಮಳೆಗೆ ಡಿಸಿ ಶಾಲೆಗಳಿಗೆ ರಜೆ ಕೊಟ್ಟಿದ್ದನ್ನು ಇಂಗ್ಲಿಷಿನಲ್ಲಿ ಸುದ್ದಿ ಮಾಡಿ ಅಂದರು. ನಾನು ರಜೆಯನ್ನು 'ಅನೌನ್ಸ್ಡ್' ಅಂತ ಬರೆದೆ, ತಿದ್ದಿದವರು 'ಡಿಕ್ಲೇರ್ಡ್' ಮಾಡಿದರು. ಡಿಕ್ಷನರಿ ನೋಡಿದರೆ ಎರಡಕ್ಕೂ ಘೋಷಿಸು ಅಂತಲೇ ಇದೆ. ಪ್ರೊಕ್ಲೇಮ್‌ಗೂ ಅದೇ. ನಾನು ಬರೆದದ್ದು ತಪ್ಪಾ?
— ಹೊಸನಗರದ ಓದುಗರು

ಉತ್ತರ: ತಪ್ಪಲ್ಲ ತಂಗಿ. ಇಂಗ್ಲಿಷ್ ಪತ್ರಿಕೆಗಳು ಎರಡನ್ನೂ ಬರೆಯುತ್ತವೆ. ಆದರೆ ತಿದ್ದಿದವರೂ ಸುಮ್ನೆ ತಿದ್ದಿಲ್ಲ. ಆ ಎರಡು ಪದಗಳು ಡಿಸಿಯನ್ನು ಎರಡು ಬೇರೆ ಜಾಗದಲ್ಲಿ ನಿಲ್ಲಿಸುತ್ತವೆ.

ಅನೌನ್ಸ್ ಎಂಬ ಪದದ ಬೇರಿನಲ್ಲಿ ಇರುವುದು ಲ್ಯಾಟಿನ್ನಿನ ದೂತ. ಸುದ್ದಿ ಹೊತ್ತು ತರುವವನು. ಶಿವಮೊಗ್ಗದ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಅಂತ ಮೈಕಿನಲ್ಲಿ ಹೇಳುತ್ತಾರಲ್ಲ, ಅವರು ಹೇಳಲಿ ಬಿಡಲಿ ಗಾಡಿ ತನ್ನ ಪಾಡಿಗೆ ಬರುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ಭರ್ತಿ ಮಟ್ಟವಾದ 1819 ಅಡಿಯ ಹತ್ತಿರ ಬಂದಾಗ ಹೊಳೆಗೆ ಇಳಿಯಬೇಡಿ ಅಂತ ಕೆಳಗಿನ ಊರಿನವರಿಗೆ ಹೇಳುವುದೂ ಅನೌನ್ಸ್‌ಮೆಂಟೇ. ಕೇಳುವವರಿಗೆ ಅದು ಹೊಸ ಸುದ್ದಿ, ಅಷ್ಟು ಸಾಕು.

ಡಿಕ್ಲೇರ್ ಹಾಗಲ್ಲ. ಅದರ ಬೇರಿನಲ್ಲಿ ಸ್ಪಷ್ಟ ಎಂಬ ಅರ್ಥ ಇದೆ. ಅನುಮಾನಕ್ಕೆ ಜಾಗ ಇಲ್ಲದಂತೆ ಹೇಳಿ ಮುಗಿಸುವುದು. ಹಾಗೆ ಹೇಳುವ ಅಧಿಕಾರ ಇರುವವರು ಹೇಳಿದರೆ, ಹೇಳಿದ ಮಾತಿನಿಂದಲೇ ಏನೋ ಬದಲಾಗಿಬಿಡುತ್ತದೆ. ನಾನು ಪಾಠ ಮಾಡುವಾಗ ಒಂದೇ ಪರೀಕ್ಷೆ ಹೇಳಿಕೊಡುತ್ತಿದ್ದೆ: ಬಾಯಿ ಬಿಟ್ಟು ಹೇಳದೇ ಇದ್ದಿದ್ದರೆ ಆ ಸಂಗತಿ ಇರುತ್ತಿತ್ತಾ? ಡಿಸಿ ಆದೇಶ ಮಾಡುವ ತನಕ ನಾಳೆ ಶಾಲೆ ಇದೆ, ಆಗುಂಬೆಯಲ್ಲಿ ಎಷ್ಟೇ ಮಳೆ ಹೊಯ್ಯಲಿ. ಆದೇಶ ಬಂದ ಕ್ಷಣದಿಂದ ಇಲ್ಲ. ಅದಕ್ಕೇ ಡಿಕ್ಲೇರ್ಡ್. ಅದೇ ಸುದ್ದಿಯನ್ನು ಹೆಡ್‌ಮೇಷ್ಟ್ರು ಸಂಜೆ ಮಕ್ಕಳ ಮುಂದೆ ನಿಂತು ಹೇಳಿದರೆ ಅದು ಅನೌನ್ಸ್ಡ್. ರಜೆ ಕೊಟ್ಟವರು ಅವರಲ್ಲ, ತಲುಪಿಸಿದವರು. ಕ್ರಿಕೆಟ್‌ನಲ್ಲಿ ಕ್ಯಾಪ್ಟನ್ ಇನ್ನಿಂಗ್ಸ್ ಡಿಕ್ಲೇರ್ ಮಾಡುವುದೂ ಹೀಗೇ, ಅವನು ಹೇಳಿದ್ದಕ್ಕೇ ಇನ್ನಿಂಗ್ಸ್ ಮುಗಿಯುವುದು. ಮಾತೇ ಕೆಲಸವಾಗುವ ಈ ವಿಷಯದ ಮೇಲೆ ಜೆ. ಎಲ್. ಆಸ್ಟಿನ್ ಎಂಬ ಬ್ರಿಟಿಷ್ ತತ್ವಜ್ಞಾನಿ 1955ರಲ್ಲಿ ಹಾರ್ವರ್ಡ್‌ನಲ್ಲಿ ಉಪನ್ಯಾಸಗಳನ್ನೇ ಕೊಟ್ಟರು.

ಒಂದು ಎಚ್ಚರ ಮಾತ್ರ ಇರಲಿ. ಅಧಿಕಾರ ಇಲ್ಲದವರೂ ಡಿಕ್ಲೇರ್ ಮಾಡಬಹುದು, ಆಗ ಅದಕ್ಕೆ ಖಡಾಖಂಡಿತವಾಗಿ ಹೇಳಿದರು ಅಂತಷ್ಟೇ ಅರ್ಥ. ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಡಿಕ್ಲೇರ್ ಮಾಡುವುದು ಅಂದರೆ ತಂದಿದ್ದನ್ನು ಮುಚ್ಚಿಡದೆ ಹೇಳುವುದು.

ಪ್ರೊಕ್ಲೇಮ್‌ನ ಒಳಗಿರುವುದು ಕೂಗು. ನಮ್ಮ ಡಂಗುರ ಸಾರುವುದಕ್ಕೆ ಇದೇ ಹತ್ತಿರ. ಸಂವಿಧಾನದ 352ನೇ ವಿಧಿಯಲ್ಲಿ ತುರ್ತು ಪರಿಸ್ಥಿತಿಯ ಮಾತು ಬರುವಾಗ ಪ್ರೊಕ್ಲಮೇಷನ್, ಡಿಕ್ಲರೇಷನ್ ಎರಡೂ ಒಂದೇ ವಾಕ್ಯದಲ್ಲಿವೆ. ರಾಷ್ಟ್ರಪತಿ ಪ್ರೊಕ್ಲಮೇಷನ್ ಮೂಲಕ ಡಿಕ್ಲರೇಷನ್ ಮಾಡಬಹುದು ಎನ್ನುತ್ತದೆ ಅದು. ಅಂದರೆ ತುರ್ತು ಪರಿಸ್ಥಿತಿ ಇದೆ ಎಂಬ ತೀರ್ಮಾನದ ಮಾತು ಡಿಕ್ಲರೇಷನ್, ದೇಶಕ್ಕೆಲ್ಲ ಸಾರುವ ಪತ್ರ ಪ್ರೊಕ್ಲಮೇಷನ್. ಎರಡಕ್ಕೂ ಘೋಷಣೆ ಎಂದುಬಿಟ್ಟರೆ ಈ ಗೆರೆ ಅಳಿಸಿಹೋಗುತ್ತದೆ.

ಇನ್ನು ನಮ್ಮ ಜಿಲ್ಲೆಯದೇ ಉದಾಹರಣೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮ ಊರು ಸ್ವತಂತ್ರ ಎಂದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನೋ ಮಾತು ನೀವೂ ಕೇಳಿರುತ್ತೀರಿ. ಇದನ್ನು ಇಂಗ್ಲಿಷಿನಲ್ಲಿ ಬರೆಯುವವರು ಯಾವ ಪದ ಹಾಕಬೇಕು? 'ಅನೌನ್ಸ್ಡ್' ಎಂದರೆ ಜೀವವೇ ಹೋಗುತ್ತದೆ, ಆಗಿಹೋದ ಯಾವುದೋ ಸುದ್ದಿಯನ್ನು ಊರವರು ತಿಳಿಸಿದ ಹಾಗೆ. 'ಕ್ಲೈಮ್ಡ್' ಎಂದರೆ ಅವರು ಹಾಗೆ ಹೇಳಿಕೊಂಡರು, ನಾವು ಒಪ್ಪಿಲ್ಲ ಅಂತ. ಅಂದಿನ ಸರ್ಕಾರ ನೋಡಿದ್ದು ಹಾಗೇ. ಮರುವರ್ಷ, 1943ರಲ್ಲಿ, ಆ ಊರಿನ ಐದು ಜನರನ್ನು ಗಲ್ಲಿಗೇರಿಸಿದರು. 'ಡಿಕ್ಲೇರ್ಡ್' ಎಂದು ಬರೆದವರು ಮಾತ್ರ ಈಸೂರಿನವರಿಗೆ ಆ ಮಾತು ಹೇಳುವ ಹಕ್ಕು ಇತ್ತು ಅಂತ ಒಪ್ಪಿಕೊಂಡ ಹಾಗೆ. ನಾನು ಯಾವತ್ತೂ ಡಿಕ್ಲೇರ್ಡ್ ಎಂದೇ ಬರೆಯುತ್ತೇನೆ.

ಪ್ರಶ್ನೆ: ಸಾಗರದ ಹತ್ತಿರ ಎರಡೆಕರೆ ಅಡಿಕೆ ತೋಟ ನಮ್ಮದು. ಕೊಳೆ ರೋಗದಿಂದ ಅರ್ಧಕ್ಕರ್ಧ ಫಸಲು ಹೋಯಿತು ಅಂತ ತೋಟಕ್ಕೆ ಬಂದ ವರದಿಗಾರರಿಗೆ ಹೇಳಿದೆ. ಉದುರಿದ ಕಾಯಿ ತೋರಿಸಿದೆ ಕೂಡಾ. ಇಂಗ್ಲಿಷ್ ಪೇಪರಿನಲ್ಲಿ ಅದು 'ಕ್ಲೈಮ್ಡ್' ಅಂತ ಬಂತು. ಮಗ ಓದಿ, ಅಪ್ಪಯ್ಯ, ಇವರು ನಿನ್ನ ಮಾತು ನಂಬಿಲ್ಲ ಅಂದ. ಹೌದಾ?
— ಸಾಗರದ ಓದುಗರು

ಉತ್ತರ: ಯಜಮಾನರೇ, ನಿಮ್ಮ ಮಗ ಹೇಳಿದ್ದು ಸರಿಯೇ, ಆದರೆ ಪೂರ್ತಿ ಅಲ್ಲ. ಕ್ಲೈಮ್ ಎಂದರೆ ಸುಳ್ಳು ಹೇಳಿದ ಎಂದಲ್ಲ. ಇದು ಅವರ ಮಾತು, ಇದರ ಹೊಣೆ ನಂದಲ್ಲ ಅಂತ ಬರೆದವರು ಒಂದು ಹೆಜ್ಜೆ ಹಿಂದೆ ಸರಿಯುವುದು. ಓದುವವರ ಕಿವಿಗೆ ಮಾತ್ರ ಅದು ಅನುಮಾನವಾಗಿ ಬೀಳುತ್ತದೆ.

ನಾವು ಇದನ್ನು ಬೇರೆ ಕ್ರಿಯಾಪದ ಹಾಕಿ ಮಾಡುವುದಿಲ್ಲ, ಬಾಲ ಸೇರಿಸಿ ಮಾಡುತ್ತೇವೆ. 'ಅರ್ಧ ಫಸಲು ಹೋಯಿತು' ಎಂದರೆ ಹೇಳುವವನೇ ಜವಾಬ್ದಾರ. 'ಹೋಯಿತಂತೆ' ಎಂದರೆ ಕೇಳಿದ್ದು, ನೋಡಿದ್ದಲ್ಲ. 'ಹೋಯಿತು ಅಂತ ಹೇಳಿಕೊಂಡ' ಎಂದರೆ ಕ್ಲೈಮ್‌ಗೆ ತೀರಾ ಹತ್ತಿರ ಬಂದಿರಿ. ಅಂತೆ ಎಂಬ ಎರಡಕ್ಷರ ಮಾಡುವ ಕೆಲಸಕ್ಕೆ ಇಂಗ್ಲಿಷಿನವರು ಕ್ರಿಯಾಪದವನ್ನೇ ಆರಿಸಬೇಕು. ಅದಕ್ಕೇ ಆ ಭಾಷೆಯಲ್ಲಿ ಹೇಳುವುದಕ್ಕೆ ಅಷ್ಟೊಂದು ಪದ.

ಕಾಯಿ ಕಣ್ಣಾರೆ ನೋಡಿದ ವರದಿಗಾರರು 'ಸೆಡ್' ಅಂತ ಬರೆಯಬಹುದಿತ್ತು. ಅದು ನಂಬುವುದೂ ಇಲ್ಲ, ಅನುಮಾನಿಸುವುದೂ ಇಲ್ಲ. ಸಪ್ಪೆ ಪದ ಅಂತ ಹೊಸ ವರದಿಗಾರರು ಅದನ್ನು ಬಿಟ್ಟು ಕ್ಲೈಮ್ಡ್, ಅಸರ್ಟೆಡ್ ಅಂತ ಬದಲಾಯಿಸುತ್ತಾ ಹೋಗುತ್ತಾರೆ. ಒಂದೇ ಪದ ಮತ್ತೆ ಮತ್ತೆ ಬರಬಾರದು ಅನ್ನೋದಷ್ಟೇ ಅವರ ಯೋಚನೆ, ಆದರೆ ನಷ್ಟ ಆಗುವುದು ನಿಮ್ಮಂಥವರ ಮರ್ಯಾದೆಗೆ. ನನಗೆ ಇದು ಸರಿ ಕಾಣುವುದಿಲ್ಲ. 'ಸ್ಟೇಟೆಡ್' ಕೂಡ ಅನುಮಾನದ ಪದವಲ್ಲ, ಆದರೆ ಸ್ವಲ್ಪ ಕಚೇರಿಯ ವಾಸನೆ. ಪೊಲೀಸ್ ಸ್ಟೇಷನ್ನಿನಲ್ಲಿ ಬರೆಸುವ ಹೇಳಿಕೆಗೆ, ಅರ್ಜಿಗೆ ಒಗ್ಗುತ್ತದೆ. ತೋಟದಲ್ಲಿ ನಿಂತು ಆಡಿದ ಮಾತಿಗೆ ಅಲ್ಲ. 'ಅಸರ್ಟ್' ಎಂದರೆ ಯಾರೋ ಅಲ್ಲ ಅಂದಾಗ ಹೌದು ಅಂತ ಒತ್ತಿ ಹೇಳುವುದು. ನಿಮ್ಮ ಜೊತೆ ಯಾರೂ ವಾದಕ್ಕೆ ಇಳಿದಿರಲಿಲ್ಲ ಅಲ್ವಾ?

ಕ್ಲೈಮ್ ಎಂಬ ಪದ ವಿಮೆ ಕಚೇರಿಯಲ್ಲಿ ಮಾತ್ರ ಗೌರವದ್ದು. ಬೆಳೆ ವಿಮೆಗೆ ಕ್ಲೈಮ್ ಹಾಕುವುದು ಅಂದರೆ ನಿಮಗೆ ಬರಬೇಕಾದ ಹಣ ಕೇಳುವುದು. ಬೇಕಾದ್ದು ಕೇಳಿ ಪಡೆಯುವುದು ಅನ್ನೋದೇ ಆ ಪದದ ಹಳೆಯ ಅರ್ಥ. ಅಲ್ಲಿ ಧೈರ್ಯವಾಗಿ ಬರೆಯಿರಿ.

ಪ್ರಶ್ನೆ: 'ಅನೌನ್ಸ್ಡ್ ಅಸ್' ಅಂತ ಬರೆದರೆ ಆಫೀಸಿನಲ್ಲಿ ನಗುತ್ತಾರೆ. 'ಇನ್ಫಾರ್ಮ್ಡ್ ಅಸ್' ಸರಿಯಂತೆ. ಏಕೆ?
— ಭದ್ರಾವತಿಯ ಓದುಗರು

ಉತ್ತರ: ಕನ್ನಡದಲ್ಲಿ ನಮಗೆ ಹೇಳಿದರು, ನಮಗೆ ತಿಳಿಸಿದರು, ನಮಗೆ ವಿವರಿಸಿದರು, ಎಲ್ಲದಕ್ಕೂ 'ಗೆ' ಇದೆ. ಆ 'ಗೆ'ಯನ್ನು ಇಂಗ್ಲಿಷಿನ ಕೆಲವು ಕ್ರಿಯಾಪದ ಒಳಗೇ ಇಟ್ಟುಕೊಂಡಿವೆ, ಕೆಲವು ಹೊರಗೆ ಕೇಳುತ್ತವೆ. ಟೆಲ್, ಇನ್ಫಾರ್ಮ್ ಪಕ್ಕದಲ್ಲಿ ಕೇಳುವವರು ನೇರವಾಗಿ ಕೂರುತ್ತಾರೆ. ಅನೌನ್ಸ್, ಡಿಕ್ಲೇರ್, ಸ್ಟೇಟ್, ಸೇ, ಎಕ್ಸ್‌ಪ್ಲೇನ್ ಇವಕ್ಕೆ ನಡುವೆ 'ಟು' ಬೇಕೇ ಬೇಕು. 'ಅನೌನ್ಸ್ಡ್ ಟು ಅಸ್', 'ಎಕ್ಸ್‌ಪ್ಲೇನ್ಡ್ ಟು ಮಿ' ಅಂತ ಬರೆಯಿರಿ. ಗೆದ್ದವರ ಹೆಸರು ಹೇಳುವಾಗ ಮಾತ್ರ ಡಿಕ್ಲೇರ್‌ಗೆ ಆ ತಾಪತ್ರಯ ಇಲ್ಲ. 'ಡಿಕ್ಲೇರ್ಡ್ ಹರ್ ದ ವಿನ್ನರ್' ಸರಿ. ಅಲ್ಲಿ ಹರ್ ಎಂದರೆ ಕೇಳುವವಳಲ್ಲ, ಗೆದ್ದವಳು. ಅನೌನ್ಸ್ ಹಾಕುವುದಾದರೆ ನಡುವೆ 'ಆಸ್' ಸೇರಿಸಿ, 'ಅನೌನ್ಸ್ಡ್ ಹರ್ ಆಸ್ ದ ವಿನ್ನರ್' ಅಂತ.