ಪ್ರತಿಕ್ರಿಯೆ: ಎಲ್ಲ ಫೋಟೊಗಳಿಗೂ ಲೇಬಲ್ ಬೇಕಿಲ್ಲ
ಬದಿಯಡ್ಕದ ನಿಮ್ಮ ಅಡಿಕೆ ಘಟಕದ ಇಪ್ಪತ್ತು ಸಾವಿರ ಚಾಲಿ (ಒಣಗಿಸಿ ಸುಲಿದ ಅಡಿಕೆ) ಫೋಟೊಗಳಿಂದ ದರ್ಜೆ ಗುರುತಿಸಲು ಕಂಪ್ಯೂಟರಿಗೆ ಕಲಿಸಬೇಕಾದರೆ, ಪ್ರತಿ ಫೋಟೊಗೂ ಲೇಬಲ್, ಅಂದರೆ ದರ್ಜೆಯ ಹೆಸರು, ಹಾಕಲೇಬೇಕಾ ಎಂದು ಕೇಳಿದ್ದೀರಿ. ಖಂಡಿತ ಬೇಡ. ಮೆಟಾ 2023ರಲ್ಲಿ ಬಿಟ್ಟ ಡೈನೊವಿ2 ಎಂಬ, ಚಿತ್ರಗಳನ್ನು ಅರ್ಥೈಸುವ ಎಐ ಮಾದರಿ 14.2 ಕೋಟಿ ಚಿತ್ರಗಳಿಂದ, ಲೇಬಲ್ ಇಲ್ಲದೆಯೇ ಕಲಿತದ್ದು. ಅದರಿಂದ ಪ್ರತಿ ಫೋಟೊದ ಫೀಚರ್ (ಚಿತ್ರದ ಲಕ್ಷಣಗಳನ್ನು ಹೇಳುವ ಸಂಖ್ಯೆಗಳು) ತೆಗೆದು, ಮೇಲೊಂದು ಸಣ್ಣ ಕ್ಲಾಸಿಫೈಯರ್ (ದರ್ಜೆ ವಿಂಗಡಿಸುವ ಪ್ರೋಗ್ರಾಂ) ಕೂರಿಸಿ. ಶುರುವಿಗೆ ಒಳ್ಳೆಯದು, ಪಟೋರ, ಉಳ್ಳಿ, ಕೋಕ ಎಂಬ ದರ್ಜೆಗಳಲ್ಲಿ ಒಂದೊಂದಕ್ಕೂ ನೂರರಷ್ಟು ಫೋಟೊಗಳಿಗೆ ಲೇಬಲ್ ಹಾಕಿ ನೋಡಿ.

ಆಮೇಲೆ ಮಾದರಿ ತಡವರಿಸುವಲ್ಲಿ, ಅಂದರೆ ಪಟೋರಕ್ಕೆ 0.48, ಉಳ್ಳಿಗೆ 0.45 ಅಂತ ಹತ್ತಿರ ಹತ್ತಿರದ ಅಂಕ ಬರುವ ಫೋಟೊಗಳನ್ನು ಮಾತ್ರ ಹೆಕ್ಕಿ, ಗಾರ್ಬಲ್ ಮಾಡುವ (ಅಡಿಕೆಯನ್ನು ಕೈಯಲ್ಲಿ ವಿಂಗಡಿಸುವ) ಹೆಂಗಸರಿಗೆ ತೋರಿಸಿ, ಅವರು ಹೇಳಿದ ದರ್ಜೆಯನ್ನೇ ಲೇಬಲ್ ಹಾಕಿ. ಅವರ ಕಣ್ಣೇ ನಿಮ್ಮ ನಿಜವಾದ ಡೇಟಾ. ಆ ಹೊತ್ತಿಗೂ ಕೂಲಿ ಕೊಡಿ, ದಯವಿಟ್ಟು. ಪುನಃ ತರಬೇತಿ, ಪುನಃ ಹೆಕ್ಕುವುದು.

ಪರೀಕ್ಷೆಗೆ ಮಾತ್ರ ಬೇರೆ ತೋಟದ, ಬೇರೆ ದಿನದ ಅಡಿಕೆಯನ್ನೇ ಇಡಿ. ಒಂದೇ ಗೋಣಿಯ ಫೋಟೊಗಳು ತರಬೇತಿಗೂ ಪರೀಕ್ಷೆಗೂ ಹಂಚಿಹೋಗಬಾರದು.