ಗುಡ್ಡದ ಟಿಕೆಟ್ ಯಾರ ಕೈಯಲ್ಲಿ?

ಕಾಸರಗೋಡಿನ ಬಾಯಾರಿನ ಓದುಗರೊಬ್ಬರ ಪತ್ರ: “ಪೊಸಡಿ ಗುಂಪೆಗೆ ರಜಾದಿನಗಳಲ್ಲಿ ಜನ ಹರಿದು ಬರುತ್ತಿದ್ದಾರೆ. ರಾಣಿಪುರಂ ಗುಡ್ಡದ ಹಾಗೆ ಇಲ್ಲಿಯೂ ಪರಿಸರ ಪ್ರವಾಸೋದ್ಯಮ ಬಂದರೆ ಗುಡ್ಡವೂ ಉಳಿದೀತು, ಹುಡುಗರಿಗೆ ಕೆಲಸವೂ ಸಿಕ್ಕೀತು. ನೀವೇಕೆ ಬೆಂಬಲಿಸುವುದಿಲ್ಲ?”

ಊರಿನ ಹುಡುಗರ ಬಗ್ಗೆ ಯೋಚಿಸಿ ಬರೆದಿದ್ದೀರಿ, ಮೆಚ್ಚಿದೆ. ನೀವು ಹೇಳುವುದರಲ್ಲಿ ಹುರುಳಿಲ್ಲವೆಂದಲ್ಲ. ಗೊರಿಲ್ಲಾ ನೋಡಲು ಬರುವವರ ದುಡ್ಡು ರುವಾಂಡ, ಉಗಾಂಡಗಳ ಕಾಡಿನ ಕಾವಲಿಗೆ ಒದಗಿದೆ. ಬೆಟ್ಟದ ಗೊರಿಲ್ಲಾಗಳ ಸಂಖ್ಯೆ 2018ರ ಹೊತ್ತಿಗೆ ಸಾವಿರ ದಾಟಿತು. ಆದರೆ ಉಗಾಂಡದ ಬ್ವಿಂಡಿ ಕಾಡು 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ, ತಲೆತಲಾಂತರದಿಂದ ಅಲ್ಲಿ ಬಾಳಿದ ಬಟ್ವಾ ಜನ ಕಾಡು ಕಳೆದುಕೊಂಡರು. ಅವರ ಮಕ್ಕಳು ಇಂದು ಅದೇ ಕಾಡಿನ ಅಂಚಿನಲ್ಲಿ ಪ್ರವಾಸಿಗಳೆದುರು ಕುಣಿದು ಕಾಸು ಪಡೆಯಬೇಕಾಗಿದೆ. 2020ರಲ್ಲಿ ಕೊರೊನಾದಿಂದ ಪ್ರವಾಸ ನಿಂತಿದ್ದಾಗ ರಫಿಕಿ ಎಂಬ ಹೆಸರಾಂತ ಗೊರಿಲ್ಲಾವನ್ನು ಬೇಟೆಗಾರನೊಬ್ಬ ಕೊಂದ. ಬರುವವರ ಕಿಸೆಯನ್ನೇ ನಂಬಿ ಕಾಡು ಕಾಯುವುದು ನನಗೆ ಭಯ ಹುಟ್ಟಿಸುತ್ತದೆ.

ನಮ್ಮದೇ ಕೇರಳದ ಪೆರಿಯಾರ್ ಹುಲಿಧಾಮ ನೋಡಿ. ಕಾಡಿಗೆ ನುಗ್ಗಿ ವಯನ (ಕಾಡು ದಾಲ್ಚಿನ್ನಿ) ಮರದ ತೊಗಟೆ ಕದ್ದು ಮಾರುತ್ತಿದ್ದವರೇ ಅಲ್ಲಿ ಮಾರ್ಗದರ್ಶಿಗಳಾದರು, ಕಾವಲಿಗೂ ನಿಂತರು. ಕಾಡಿನ ಒಳದಾರಿ ಬಲ್ಲವರಿಗೇ ಕಾಡನ್ನು ಒಪ್ಪಿಸಿದ್ದರಿಂದ ಅದು ಫಲಿಸಿತು. ನಾನು ಕೇಳುವುದು ಅಂಥದ್ದನ್ನು. ಹುಡುಗರಿಗೆ ರಿಸಾರ್ಟಿನ ಗೇಟಿನಲ್ಲಿ ಸಮವಸ್ತ್ರ ತೊಡಿಸುವುದನ್ನಲ್ಲ.

ನಿಮ್ಮ ಪತ್ರದಲ್ಲಿ ನೀರಿನ ಮಾತೇ ಇಲ್ಲವಲ್ಲ! ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗವನ್ನು ಬಾಯಾರಿನವರು ಮರೆಯಬಹುದೇ? ಆಳೊಬ್ಬ ಕುಕ್ಕರಗಾಲಲ್ಲಿ ಕೂತು, ಪಿಕ್ಕಾಸಿನಲ್ಲಿ ಮುರಕಲ್ಲು ಕೊರೆಯುತ್ತ ಗುಡ್ಡದ ಹೊಟ್ಟೆಗೆ ಹೋಗುತ್ತಾನೆ. ದೀಪ ಮಂಕಾದರೆ ಗಾಳಿ ಸಾಲದೆಂದು ಹೊರಬರುತ್ತಾನೆ. ಒಸರಿದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಅಂಗಳದ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಮೇಲೆ ಪಾದೆಯನ್ನು, ಅಂದರೆ ಬಂಡೆಹಾಸನ್ನು, ಜೆಸಿಬಿಯಲ್ಲಿ ಕೆರೆದು ಪಾರ್ಕಿಂಗ್ ಮಾಡಿ, ಈಜುಕೊಳಕ್ಕೆ ಕೊಳವೆಬಾವಿ ತೋಡಿದರೆ ಕೆಳಗಿನ ಸುರಂಗಕ್ಕೆ ನೀರು ಎಲ್ಲಿಂದ ಬರಬೇಕು?

ಇದನ್ನೆಲ್ಲ ಕೇಳಬೇಕಾದ ಜಾಗ ಗ್ರಾಮಸಭೆ. ಅಲ್ಲಿಗೆ ಬರುವ ಯೋಜನೆಯ ಕಾಗದ ಎಷ್ಟೋ ಸಲ ಬರಿ ಮಲಯಾಳದಲ್ಲಿರುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡಿಗರದು ಇದೇ ಪಾಡು. ಕನ್ನಡ ಮಾತ್ರ ಓದಬಲ್ಲ ಅಜ್ಜಿ ತನ್ನ ಸುರಂಗದ ತಲೆಯ ಮೇಲೆ ಏನು ಬರಲಿದೆಯೆಂದು ತಿಳಿಯದೆ ಹಾಜರಿಗೆ ಸಹಿ ಹಾಕಿ ಮನೆಗೆ ಹೋಗುತ್ತಾಳೆ. ಭಾಷಾ ಅಲ್ಪಸಂಖ್ಯಾತರ ಹಕ್ಕು ಬರಿ ಶಾಲೆಯ ವಿಷಯವೆಂದು ತಿಳಿದವರು ಇದನ್ನು ಗಮನಿಸಬೇಕು.

ಮುಂದಿನ ಗ್ರಾಮಸಭೆಗೆ ನೀವು ಹೋಗಿ. ಯೋಜನೆಯ ಪ್ರತಿ ಕನ್ನಡದಲ್ಲಿ ಕೇಳಿ. ಟಿಕೆಟಿನ ದುಡ್ಡು ಯಾರ ಖಾತೆಗೆ, ನೀರು ಎಲ್ಲಿಂದ ಎಂದು ಎದ್ದು ನಿಂತು ಕೇಳಿ. ಸಿಕ್ಕ ಉತ್ತರವನ್ನು ನಮಗೆ ಬರೆಯಿರಿ, ಪೂರ್ತಿ ಪ್ರಕಟಿಸುತ್ತೇವೆ.

– ಸಂಪಾದಕ