ಚಿತ್ರದುರ್ಗದಲ್ಲಿ ಕೆಲಸ ಮಾಡುತ್ತಲೇ ಅನುವಾದದ ಮೇಲೆ ಪಿಎಚ್‌ಡಿ ಮಾಡಬಹುದಾ? ಇಬ್ಬರು ಮಾರ್ಗದರ್ಶಕರು ಇರಬಹುದಾ?

ಎರಡೂ ಆಗುತ್ತದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮ ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಕೊಟ್ಟಿದೆ. ನೀವು ಕೆಲಸ ಮಾಡುವ ಕಡೆಯಿಂದ ಒಪ್ಪಿಗೆ ಪತ್ರ ಬೇಕು, ಕೋರ್ಸ್‌ವರ್ಕ್ ಅಂದರೆ ಸಂಶೋಧನೆಗೆ ತಯಾರಿ ಮಾಡುವ ಪಾಠಗಳನ್ನು ಮುಗಿಸಬೇಕು. ಕನಿಷ್ಠ 3 ವರ್ಷ ಹಿಡಿಯುತ್ತದೆ.

ಹತ್ತಿರದಲ್ಲಿ ನೋಡುವುದಾದರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನಕ್ಕೇ ಒಂದು ವಿಭಾಗ ಇದೆ. ಹೊಸಪೇಟೆ ಬಸ್ಸು ಹತ್ತಿ ಒಮ್ಮೆ ಹೋಗಿ ಮಾತಾಡಿ ಬನ್ನಿ. ಫೋನಿನಲ್ಲಿ ಇದೆಲ್ಲ ಬಗೆಹರಿಯಲ್ಲ. ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಕನ್ನಡ ಅಥವಾ ಇಂಗ್ಲಿಷ್ ವಿಭಾಗದಡಿಯೂ ಅನುವಾದದ ವಿಷಯ ಪ್ರಯತ್ನಿಸಬಹುದು, ಒಪ್ಪುವ ಮಾರ್ಗದರ್ಶಕರು ಸಿಗಬೇಕು ಅಷ್ಟೇ.

ಈಗ ಇಬ್ಬರು ಮಾರ್ಗದರ್ಶಕರ ಮಾತು. ಬೇರೆ ಸಂಸ್ಥೆಯವರನ್ನು ಸಹ-ಮಾರ್ಗದರ್ಶಕರಾಗಿ ಮಾಡಿಕೊಳ್ಳಲು ಅದೇ ನಿಯಮದಲ್ಲಿ ದಾರಿ ಇದೆ, ವಿಶ್ವವಿದ್ಯಾಲಯ ಒಪ್ಪಬೇಕು. ಅನುವಾದಕ್ಕೆ ಇದು ತುಂಬಾ ಮುಖ್ಯ. ಎರಡು ಭಾಷೆಯನ್ನೂ ಚೆನ್ನಾಗಿ ಬಲ್ಲ ಒಬ್ಬರೇ ಸಿಗುವುದು ಕಷ್ಟ ಅಲ್ವಾ? ನಮ್ಮ ಮೊಳಕಾಲ್ಮೂರು ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆ ಭಾಗದ ಹಾಡು, ಕತೆಗಳ ಅನುವಾದ ನಿಮ್ಮ ವಿಷಯವಾದರೆ, ಕನ್ನಡಕ್ಕೆ ಹಂಪಿಯವರು, ತೆಲುಗಿಗೆ ಹೈದರಾಬಾದ್ ವಿಶ್ವವಿದ್ಯಾಲಯದವರು ಇದ್ದರೆ ಚೆನ್ನ. ಅಲ್ಲೂ ಅನುವಾದ ಅಧ್ಯಯನದ ಕೇಂದ್ರ ಇದೆ.

ಹೊರದೇಶದಲ್ಲೂ ಹೀಗೆ ಕೂಡಿ ಕಲಿಯುವ ರೂಢಿ ಹಳೆಯದು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು 1989ರಿಂದ ಸೆಟ್ರಾ ಎಂಬ ಅನುವಾದ ಅಧ್ಯಯನದ ಬೇಸಿಗೆ ಶಾಲೆ ನಡೆಸುತ್ತಿದ್ದಾರೆ. ಬೇರೆ ಬೇರೆ ದೇಶಗಳ ಪಿಎಚ್‌ಡಿ ವಿದ್ಯಾರ್ಥಿಗಳು ಅಲ್ಲಿ ತಮ್ಮ ಕೆಲಸವನ್ನು ಹಿರಿಯರ ಮುಂದಿಟ್ಟು ತಿದ್ದಿಸಿಕೊಳ್ಳುತ್ತಾರೆ. ಖರ್ಚು ಜಾಸ್ತಿ, ಅದು ಆಮೇಲೆ ನೋಡಿದರಾಯಿತು. ಮೊದಲು ಯಾವ ವಿಷಯ, ಹೇಗೆ ಮಾಡುತ್ತೀರಿ ಎಂದು ಎರಡು ಪುಟದ ಸಂಶೋಧನಾ ಪ್ರಸ್ತಾವನೆ ಬರೆಯಿರಿ.